ಶ್ರೀಮತಿ ಎನೆಲೆಸಿ ಅವರ ರಕ್ತ, ಸೊಪ್ಪು ಹಾಗೂ ಗುಳಿಗೆಯ ಬಗ್ಗೆ

ಕುಟುಂಬ ಆರೋಗ್ಯ ಹಾಗೂ ಸೊಪ್ಪು ನಿಯಂತ್ರಣ ವಿಭಾಗ
ಮುಂಬದಿಯ ವರಾಂಡ, ಜೊಂಬಾ ಪಟ್ಟಣ

ಸಂಖ್ಯೆ: ಕುಆಸೊನಿ/ರಕ್ತ/02
ದಿನಾಂಕ: ಆಗಸ್ಟ್ 12, ಮಂಗಳವಾರ

ಸುತ್ತೋಲೆ

ವಿಷಯ: ಶ್ರೀಮತಿ ಎನೆಲೆಸಿ ಕಪಾಸುಲೆ ಅವರು ಸೇವಿಸುತ್ತಿರುವ ರಕ್ತ ತೆಳುಗೊಳಿಸುವ ಗುಳಿಗೆಯ ಸುರಕ್ಷಿತ ಬಳಕೆ ಹಾಗೂ ಆ ಸಂಬಂಧ ಬಂಧುಗಳು, ನೆರೆಹೊರೆಯವರು ಮತ್ತು ಪತಿಯ ನಡವಳಿಕೆ ಕುರಿತು.

ಉಲ್ಲೇಖ:
1) ಆಸ್ಪತ್ರೆಯ ಹಳದಿ ಪುಸ್ತಿಕೆ, ಪುಟ 1ರಿಂದ 12 (ಪುಟ 9ರ ಬಗ್ಗೆ ಮುಂದೆ ನೋಡುವುದು).
2) ಈ ವಿಭಾಗದ ಸುತ್ತೋಲೆ ಸಂಖ್ಯೆ 01. ಇದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಲಾಗಿದ್ದು, ನಂತರ ಒಲೆ ಹೊತ್ತಿಸಲು ಬಳಕೆಯಾಗಿರುತ್ತದೆ.
3) ನರ್ಸ್ ಲೊಯಿಸಿ ಅವರ ಮೌಖಿಕ ಸೂಚನೆ, ಏರುದನಿಯಲ್ಲಿ.

ಪ್ರಸ್ತಾವನೆ:

ಶ್ರೀಮತಿ ಎನೆಲೆಸಿ ಅವರು (ವಯಸ್ಸು ಅರವತ್ತೆರಡು) ಕಳೆದ ಮಾರ್ಚ್ ತಿಂಗಳಲ್ಲಿ ತಂಗಿಯ ಮಗಳ ಮದುವೆ ಮುಗಿಸಿಕೊಂಡು ರಾಜಧಾನಿ ಲಿಲಾಂಗ್ವೆಯಿಂದ ಬಸ್ಸಿನಲ್ಲಿ ಮರಳುವಾಗ, ತೊಡೆಯ ಮೇಲೆ ಎರಡು ಕೋಳಿ ಹಾಗೂ ಕಾಲಬುಡದಲ್ಲಿ ಅಕ್ಕಿಮೂಟೆ ಇದ್ದ ಕಾರಣ ಏಳು ಗಂಟೆ ಕಾಲ ಅಲುಗಾಡದೆ ಕುಳಿತಿದ್ದರು. ಕೋಳಿಗಳು ಕ್ಷೇಮವಾಗಿ ತಲುಪಿದವು. ಮೂರನೆಯ ದಿನ ಸದರಿಯವರ ಎಡಗಾಲು ಊದಿತು. ಐದನೆಯ ದಿನ ನೀರಿನ ಕೊಡ ಇಳಿಸುವಾಗ ಉಸಿರು ಸಿಗದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದರದೊಂದು ಚೂರು ಶ್ವಾಸಕೋಶಕ್ಕೆ ಹೋಗಿದೆ ಎಂದು ವೈದ್ಯರು ತಿಳಿಸಿ, ದಿನವೂ ವಾರ್ಫರಿನ್ ಎಂಬ ಗುಳಿಗೆ ಸೇವಿಸುವಂತೆ ಆದೇಶಿಸಿದರು.

ರಕ್ತ ಎಷ್ಟು ತೆಳುವಾಗಿದೆ ಎಂಬುದನ್ನು ಆಸ್ಪತ್ರೆಯವರು ಒಂದು ಅಂಕದಲ್ಲಿ ಹೇಳುತ್ತಾರೆ. ಸದರಿಯವರ ಅಂಕ ಎರಡಕ್ಕೂ ಮೂರಕ್ಕೂ ನಡುವೆ ಇರತಕ್ಕದ್ದು. ಕಡಿಮೆಯಾದರೆ ರಕ್ತ ಮತ್ತೆ ಹೆಪ್ಪುಗಟ್ಟೀತು. ಹೆಚ್ಚಾದರೆ ಒಳಗೋ ಹೊರಗೋ ಸೋರೀತು. ಕೆಳಗೆ ಸಹಿ ಮಾಡಿರುವವರು, ಅಂದರೆ ಸದರಿಯವರ ಪತಿ ಲೆಫಾನಿ ಕಪಾಸುಲೆ, ಮೂವತ್ತನಾಲ್ಕು ವರ್ಷ ಜಿಲ್ಲಾ ಕಚೇರಿಯಲ್ಲಿ ದುಡಿದು ಮುಖ್ಯ ಗುಮಾಸ್ತರಾಗಿ ನಿವೃತ್ತರಾದವರು. ಎರಡಕ್ಕೂ ಮೂರಕ್ಕೂ ನಡುವೆ ಇರಬೇಕಾದ ಯಾವುದೇ ವಸ್ತುವನ್ನು ಸೂಕ್ತ ಕಾಗದಪತ್ರದ ಮೂಲಕ ಅಲ್ಲಿಯೇ ನಿಲ್ಲಿಸಬಹುದೆಂದು ಅವರು ನಂಬಿದ್ದರು. ಈ ನಂಬಿಕೆಯಿಂದ ಉಂಟಾದ ಪರಿಣಾಮಗಳನ್ನು ಪರಿಶೀಲಿಸಿ, ಈ ಕೆಳಕಂಡಂತೆ ಸೂಚಿಸಲಾಗಿದೆ.

ಸೂಚನೆಗಳು:

1. ಸುತ್ತೋಲೆ ಸಂಖ್ಯೆ 01ನ್ನು ಈ ಮೂಲಕ ರದ್ದುಪಡಿಸಲಾಗಿದೆ. ಸದರಿ ಸುತ್ತೋಲೆಯ ಹಿನ್ನೆಲೆ ಹೀಗಿರುತ್ತದೆ. "ಸೊಪ್ಪು ಬಿಡಬೇಡಿ. ದಿನಾ ಒಂದೇ ಅಳತೆ ತಿನ್ನಿ" ಎಂದು ನರ್ಸ್ ಲೊಯಿಸಿ ಮೊದಲ ದಿನವೇ ಹೇಳಿದ್ದರು. ಆದರೆ ಮೇ ತಿಂಗಳಲ್ಲಿ ಸದರಿಯವರ ಅಕ್ಕ ಎಸ್ನಾತಿ ಅವರು ಆರೈಕೆಗೆಂದು ಬಂದು, ಶೇಂಗಾಪುಡಿ ಹಾಕಿದ ಕುಂಬಳಸೊಪ್ಪನ್ನು ಜೋಳದ ಹಿಟ್ಟಿನ ನ್ಸಿಮಾ ಮುದ್ದೆಗಿಂತ ಎತ್ತರಕ್ಕೆ ಬಡಿಸತೊಡಗಿದರು. ಆಕ್ಷೇಪಿಸಲಾಗಿ, "ನೀವು ಸುಮ್ನಿರಿ. ಬರೀ ಗುಳಿಗೆ ನುಂಗಿದ್ರೆ ಮೈಗೆ ರಕ್ತ ಎಲ್ಲಿಂದ ಬರ್ಬೇಕು" ಎಂದರು. ಸೊಪ್ಪು ಗುಳಿಗೆಯ ಶಕ್ತಿಯನ್ನು ಕುಗ್ಗಿಸುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ. ಅಂಕ 1.4ಕ್ಕೆ ಇಳಿಯಿತು. ಕೂಡಲೇ ಕೆಳಗೆ ಸಹಿ ಮಾಡಿರುವವರು ಸದರಿ ಸುತ್ತೋಲೆ ಹೊರಡಿಸಿ, ಮನೆಯಲ್ಲಿ ಸೊಪ್ಪನ್ನು ಸಂಪೂರ್ಣ ನಿಷೇಧಿಸಿದರು. ಒಂದು ತಿಂಗಳು ಸದರಿಯವರು ಒಣಮೀನು ಹಾಗೂ ಬೀನ್ಸ್ ತಿಂದು, "ಈ ಮನೇಲಿ ಮೇಕೆಗೆ ಸಿಗೋ ಮರ್ಯಾದೆ ನನಗಿಲ್ಲ" ಎಂದು ಆಗಾಗ ದಾಖಲಿಸಿದರು. ಅಂಕ 3.9ಕ್ಕೆ ಏರಿತು. ಆಗ ಉಲ್ಲೇಖ 3ರ ಮೌಖಿಕ ಸೂಚನೆ ಹೊರಬಿದ್ದಿತು.

2. ಆದ್ದರಿಂದ ಇನ್ನು ಮುಂದೆ ಬೇಯಿಸಿದ ಸೊಪ್ಪನ್ನು ದಿನಕ್ಕೆ ಒಂದು ನೀಲಿ ಎನಾಮಲ್ ಲೋಟದಷ್ಟು ಬಡಿಸತಕ್ಕದ್ದು. ಲೋಟವನ್ನು ಒತ್ತಿ ತುಂಬತಕ್ಕದ್ದಲ್ಲ. ಅಂಚಿನ ಮೇಲೆ ಗೋಪುರ ಕಟ್ಟತಕ್ಕದ್ದಲ್ಲ. ಹಬ್ಬ, ನಾಮಕರಣ, ಸಾವು ಹಾಗೂ ಎಸ್ನಾತಿ ಅವರ ಆಗಮನವನ್ನು ವಿಶೇಷ ಸಂದರ್ಭವೆಂದು ಪರಿಗಣಿಸಲಾಗುವುದಿಲ್ಲ.

3. ಕುಂಬಳಸೊಪ್ಪು, ಸಾಸಿವೆಸೊಪ್ಪು, ಮರಗೆಣಸಿನ ಸೊಪ್ಪು ಎಲ್ಲವೂ ಸೊಪ್ಪೇ. "ಇದು ಸೊಪ್ಪಲ್ಲ, ಬರೀ ಚಿಗುರು" ಎಂಬ ವಾದವನ್ನು ಎರಡು ಬಾರಿ ಆಲಿಸಿ ತಿರಸ್ಕರಿಸಲಾಗಿದೆ. ಅತಿಥಿಗಳು ತಂದ ಹೆಚ್ಚುವರಿ ಸೊಪ್ಪನ್ನು ಹಿತ್ತಲಿನಲ್ಲಿ ಮೇಕೆಗೆ ಒಪ್ಪಿಸತಕ್ಕದ್ದು. ಮೇಕೆ ಸ್ವೀಕೃತಿ ನೀಡದಿದ್ದರೂ ಸ್ವೀಕರಿಸಿರುತ್ತದೆ.

4. ಗುಳಿಗೆಯನ್ನು ಪ್ರತಿದಿನ ಸಂಜೆ ಆರಕ್ಕೆ, ರೇಡಿಯೋ ವಾರ್ತೆ ಆರಂಭವಾದಾಗ ಸೇವಿಸತಕ್ಕದ್ದು. ರೇಡಿಯೋದ ಬ್ಯಾಟರಿ ಮುಗಿದಿದ್ದಲ್ಲಿ ಪಕ್ಕದ ಮನೆಯ ರೇಡಿಯೋ ಕೇಳಿ ಸೇವಿಸತಕ್ಕದ್ದು. ಪಕ್ಕದ ಮನೆಯವರದೂ ಮುಗಿದಿದ್ದಲ್ಲಿ ಗಡಿಯಾರ ನೋಡಬಹುದು. ಮೊದಲೇ ಗಡಿಯಾರ ನೋಡಬಾರದೇಕೆ ಎಂಬ ಸದರಿಯವರ ಪ್ರಶ್ನೆ ಪರಿಶೀಲನೆಯಲ್ಲಿರುತ್ತದೆ.

5. ಮರೆತ ಗುಳಿಗೆ ಅದೇ ದಿನ ನೆನಪಾದರೆ ಆಗಲೇ ಸೇವಿಸತಕ್ಕದ್ದು. ಮರುದಿನ ನೆನಪಾದರೆ ಬಿಟ್ಟುಬಿಡತಕ್ಕದ್ದು, ಪುಸ್ತಿಕೆಯಲ್ಲಿ ಬರೆದಿಡತಕ್ಕದ್ದು. ಹಳೆಯ ಕಡತದಂತೆ ಅದನ್ನು ಮುಂದಿನ ದಿನಕ್ಕೆ ಹೊತ್ತೊಯ್ದು ಎರಡನ್ನು ಒಟ್ಟಿಗೆ ವಿಲೇವಾರಿ ಮಾಡತಕ್ಕದ್ದಲ್ಲ. ಮುಖ್ಯ ಗುಮಾಸ್ತರೊಬ್ಬರಿಗೆ ಈ ನಿಯಮ ಒಪ್ಪಿಕೊಳ್ಳಲು ಎಷ್ಟು ಕಷ್ಟವಾಯಿತೆಂಬುದನ್ನು ಇಲ್ಲಿ ವಿವರಿಸುವುದಿಲ್ಲ.

6. ಪಕ್ಕದ ಮನೆಯ ಶ್ರೀ ಅಂದ್ರಿಯಾನೊ ಅವರು ಮರದ ತೊಗಟೆ ಕುದಿಸಿ ತಯಾರಿಸುವ ಕಷಾಯವನ್ನು ಈ ಮನೆಯ ಬೇಲಿಯೊಳಗೆ ನಿಷೇಧಿಸಲಾಗಿದೆ. "ನಮ್ಮಜ್ಜ ಇದನ್ನೇ ಕುಡಿದು ತೊಂಬತ್ತು ವರ್ಷ ಬದುಕಿದ" ಎಂಬ ಅವರ ಹೇಳಿಕೆಯನ್ನು ಅಲ್ಲಗಳೆಯಲಾಗಿಲ್ಲ; ಆ ಅಜ್ಜ ವಾರ್ಫರಿನ್ ಸೇವಿಸುತ್ತಿರಲಿಲ್ಲ ಎಂಬುದನ್ನಷ್ಟೇ ಗಮನಕ್ಕೆ ತರಲಾಗಿದೆ. ಯಾವ ಬೇರು, ತೊಗಟೆ, ಪುಡಿಯೇ ಆಗಲಿ ಮೊದಲು ನರ್ಸ್ ಲೊಯಿಸಿ ಅವರಿಗೆ ತೋರಿಸತಕ್ಕದ್ದು. ಹಲ್ಲು ಕೀಳುವವರಿಗೂ ಗುಳಿಗೆಯ ವಿಷಯವನ್ನು ಮುಂಚಿತವಾಗಿ, ಅಂದರೆ ಬಾಯಿ ತೆರೆಯುವ ಮೊದಲೇ, ತಿಳಿಸತಕ್ಕದ್ದು.

7. ಸದರಿಯವರು ಮಾವಿನಮರ ಹತ್ತತಕ್ಕದ್ದಲ್ಲ. ತಾವು ಮರ ಹತ್ತಿ ನಲವತ್ತೈದು ವರ್ಷವಾಯಿತೆಂದು ಅವರು ತಿಳಿಸಿದ್ದಾರೆ. ಆದರೂ ಹತ್ತತಕ್ಕದ್ದಲ್ಲ.

8. ಚರ್ಚಿನ ಮಹಿಳಾ ಸಂಘದ ಸದಸ್ಯೆಯರು ಸದರಿಯವರನ್ನು ಕಂಡಾಗ ಬೆನ್ನಿಗೆ ಗುದ್ದಿ ಸಂತೋಷ ವ್ಯಕ್ತಪಡಿಸುವ ಪದ್ಧತಿಯನ್ನು ಸ್ಥಗಿತಗೊಳಿಸತಕ್ಕದ್ದು. ಕೈಕುಲುಕಬಹುದು. ಸದರಿಯವರಿಗೆ ಚಾಕು ತಗುಲೀತೆಂದು ಮರಗೆಣಸಿನ ಸಿಪ್ಪೆಯನ್ನು ಪತಿಯೇ ಸುಲಿಯುತ್ತಿದ್ದು, ಈವರೆಗೆ ಗೆಣಸಿನ ಅರ್ಧಭಾಗ ಸಿಪ್ಪೆಯೊಂದಿಗೆ ಹೋಗಿರುತ್ತದೆ.

9. ನೋವಿನ ಗುಳಿಗೆ. ಈ ಸುತ್ತೋಲೆಯನ್ನು ಹೊರಡಿಸಲು ಕಾರಣವಾದ ಪ್ರಕರಣವನ್ನು ಇನ್ನು ಮುಂದೂಡಲಾಗದ ಕಾರಣ ಇಲ್ಲಿ ನಮೂದಿಸಲಾಗಿದೆ.

ಜುಲೈ ತಿಂಗಳ ಮೊದಲ ಭಾನುವಾರ ಸದರಿಯವರು ಚರ್ಚಿನಲ್ಲಿ ಬಹಳ ಹೊತ್ತು ಮಂಡಿಯೂರಿ, ಮನೆಗೆ ಬಂದು ಮೊಣಕಾಲು ನೋವೆಂದು ಕುಳಿತರು. ಪತಿಯವರು ತಮ್ಮ ಸೊಂಟನೋವಿಗೆಂದು ಡಬ್ಬಿಯಲ್ಲಿಟ್ಟುಕೊಂಡಿದ್ದ ಗುಳಿಗೆಯನ್ನು ತಂದರು.

"ಪುಸ್ತಕ ನೋಡಿದ್ರಾ, ಯಾಂಖೊಳ ಅಪ್ಪ?" ಎಂದು ಸದರಿಯವರು ಪತಿಯನ್ನು ಮಗಳ ಹೆಸರಿನಿಂದ ಕರೆದು ಕೇಳಿದ್ದು ದಾಖಲಾಗತಕ್ಕದ್ದು.

"ನೋಡೋದೇನು, ಬಾಯಿಪಾಠ ಆಗಿದೆ. ಇದು ಔಷಧ ಅಲ್ಲ, ಬರೀ ನೋವಿಗೆ. ಹತ್ತು ವರ್ಷದಿಂದ ನಾನು ನುಂಗ್ತಿಲ್ವಾ" ಎಂದು ಪತಿಯವರು ಉತ್ತರಿಸಿದ್ದೂ ದಾಖಲಾಗತಕ್ಕದ್ದು.

ದಿನಕ್ಕೆ ಮೂರರಂತೆ ಮೂರು ದಿನ ಕೊಡಲಾಯಿತು. ನೋವು ಹೋಯಿತು. ಪತಿಯವರು ಸಂತುಷ್ಟರಾದರು. ಬುಧವಾರ ಬೆಳಗ್ಗೆ ಸದರಿಯವರ ಮಲ ಡಾಂಬರಿನಂತೆ ಕಪ್ಪಾಗಿತ್ತು. ಹೇಳಿದರೆ ಮತ್ತೊಂದು ಸುತ್ತೋಲೆ ಬಂದೀತೆಂದು ಅವರು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ನಲ್ಲಿಯ ಬಳಿ ಕಣ್ಣು ಕತ್ತಲಿಟ್ಟು ಕುಸಿದರು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಶ್ರೀ ಅಂದ್ರಿಯಾನೊ ಅವರು ತಮ್ಮ ಪಿಕಪ್ಪಿನಲ್ಲಿದ್ದ ಜೋಳದ ಚೀಲಗಳನ್ನು ರಸ್ತೆಯಲ್ಲೇ ಇಳಿಸಿ, ಅವರನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದರು. ಪತಿಯವರು ಹಿಂಬದಿಯಲ್ಲಿ ಅವರ ತಲೆ ಹಿಡಿದುಕೊಂಡು ಕುಳಿತಿದ್ದರು.

ಅಂಕ 5.2 ಆಗಿತ್ತು. ನೋವಿನ ಗುಳಿಗೆ ಹೊಟ್ಟೆಯ ಒಳಪದರವನ್ನು ಕೆರೆದು ಹುಣ್ಣು ಮಾಡಿದ್ದು, ತೆಳುವಾದ ರಕ್ತ ಅಲ್ಲಿಂದ ಸೋರುತ್ತಿತ್ತು. ನರ್ಸ್ ಲೊಯಿಸಿ ಹಳದಿ ಪುಸ್ತಿಕೆ ಕೇಳಿದರು. ನೋವಿನ ಗುಳಿಗೆಯ ಎಚ್ಚರಿಕೆ ಇರುವುದು ಪುಟ 9ರಲ್ಲಿ. ಸದರಿ ಪುಟದ ಮೇಲೆ ರಕ್ತಪರೀಕ್ಷೆಯ ಚೀಟಿಗಳನ್ನು ದಿನಾಂಕವಾರು, ಅಂಚಿಗೆ ಅಂಚು ಸೇರಿಸಿ ಅಂಟಿಸಲಾಗಿತ್ತು. ಅಂಟಿಸಿದವರು ಕೆಳಗೆ ಸಹಿ ಮಾಡಿರುವವರು.

"ಅಜ್ಜಾ, ಓದ್ಬೇಕಾದ ಪುಟಕ್ಕೇ ಗೋಂದು ಹಚ್ಚಿದೀರಲ್ಲ" ಎಂದರು ನರ್ಸ್. ಈ ಬಾರಿ ಏರುದನಿ ಇರಲಿಲ್ಲ. ಏರುದನಿಯೇ ಇದ್ದಿದ್ದರೆ ಚೆನ್ನಾಗಿತ್ತು.

ಎರಡು ಬಾಟಲಿ ರಕ್ತ ಬೇಕಾಯಿತು. ಒಂದು ಆಸ್ಪತ್ರೆಯಲ್ಲಿತ್ತು. ಇನ್ನೊಂದಕ್ಕೆ ಪತಿಯವರು ಅಂಗಿಯ ತೋಳು ಮಡಿಚಿ ನಿಂತರು; ವಯಸ್ಸಾಯಿತೆಂದು ತಿರಸ್ಕರಿಸಲಾಯಿತು. ಎಸ್ನಾತಿ ಅವರನ್ನೂ ತಿರಸ್ಕರಿಸಲಾಯಿತು. ಶ್ರೀ ಅಂದ್ರಿಯಾನೊ ಅವರ ರಕ್ತ ಹೊಂದಿತು. ಅವರು ಮಲಗಿ, ತೋಳು ಕೊಟ್ಟು, "ನನ್ನ ಕಷಾಯ ಬೇಡ ಅಂದ್ರಿ. ಈಗ ನನ್ನ ರಕ್ತದಲ್ಲೇ ಸೇರಿ ಹೋಗ್ತಿದೆ, ಏನ್ಮಾಡ್ತೀರಿ" ಎಂದರು. ಸದರಿಯವರು ಕಣ್ಣು ಮುಚ್ಚಿಕೊಂಡೇ ನಕ್ಕರು. ಅವರು ನಕ್ಕ ಮೇಲೆಯೇ ಪತಿಯವರು ಮೂರು ಗಂಟೆಯಿಂದ ಕುಳಿತಿದ್ದ ಬೆಂಚಿನಿಂದ ಎದ್ದು ಹೊರಗೆ ಹೋದರು. ಹೊರಗೆ ಏನು ಮಾಡಿದರು ಎಂಬುದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

ಶ್ರೀ ಅಂದ್ರಿಯಾನೊ ಅವರ ಕಷಾಯದ ಮೇಲಿನ ನಿಷೇಧ ಮುಂದುವರಿಯುತ್ತದೆ. ಅವರ ರಕ್ತಕ್ಕೆ ವಂದನೆ ಸಲ್ಲಿಸಲಾಗಿದೆ.

ವೈದ್ಯರ ಆದೇಶದಂತೆ ವಾರ್ಫರಿನ್ ನಿಲ್ಲಿಸಿ, ಅವರ ಆದೇಶದಂತೆಯೇ ಮತ್ತೆ ಆರಂಭಿಸಲಾಗಿದೆ. ಇಂದಿನ ಅಂಕ 2.4. ಅಂಗಡಿಯ, ಡಬ್ಬಿಯ, ಪತಿಯ ಯಾವ ನೋವಿನ ಗುಳಿಗೆಯನ್ನೂ ಆಸ್ಪತ್ರೆಯಲ್ಲಿ ಕೇಳದೆ ಕೊಡತಕ್ಕದ್ದಲ್ಲ, ನುಂಗತಕ್ಕದ್ದಲ್ಲ.

10. ಮಲ ಕಪ್ಪಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದರೆ, ಕಾಲು ಮತ್ತೆ ಊದಿದರೆ ಅಥವಾ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಮೊದಲು ಮನೆಯವರಿಗೆ ಹೇಳತಕ್ಕದ್ದು. ಹೇಳಿದ್ದಕ್ಕಾಗಿ ಯಾವುದೇ ಸುತ್ತೋಲೆ ಹೊರಡಿಸಲಾಗುವುದಿಲ್ಲ ಎಂದು ಈ ಮೂಲಕ ಭರವಸೆ ನೀಡಲಾಗಿದೆ.

11. ಕಂಡಿಕೆ 9ರ ಪ್ರಕರಣದಲ್ಲಿ ತಪ್ಪು ಸಾಬೀತಾಗಿರುವ ಕಾರಣ, ಲೆಫಾನಿ ಕಪಾಸುಲೆ ಅವರನ್ನು ಗುಳಿಗೆ ನೀಡುವ ಕರ್ತವ್ಯದಿಂದ ಈ ಕೂಡಲೇ ಬಿಡುಗಡೆಗೊಳಿಸಲಾಗಿದೆ. ಸದರಿ ಕರ್ತವ್ಯವನ್ನು ಶ್ರೀಮತಿ ಎಸ್ನಾತಿ ಅವರಿಗೆ ವಹಿಸಲಾಗಿದೆ. ಮೇಲ್ಮನವಿಗೆ ಅವಕಾಶವಿರುವುದಿಲ್ಲ.

ಸಹಿ/-
ಲೆಫಾನಿ ಕಪಾಸುಲೆ
ಮುಖ್ಯ ಗುಮಾಸ್ತರು (ನಿವೃತ್ತ), ಪತಿ (ಹಾಲಿ)

ಪ್ರತಿಗಳು:
1. ಶ್ರೀಮತಿ ಎಸ್ನಾತಿ ಅವರಿಗೆ, ನೀಲಿ ಲೋಟದೊಂದಿಗೆ.
2. ಶ್ರೀ ಅಂದ್ರಿಯಾನೊ ಅವರಿಗೆ, ಬೇಯಿಸಿದ ಕೋಳಿಯೊಂದಿಗೆ.
3. ನರ್ಸ್ ಲೊಯಿಸಿ ಅವರಿಗೆ, ಮಾಹಿತಿಗಾಗಿ. ಪುಟ 9ನ್ನು ಆವಿ ಹಿಡಿದು ಬಿಡಿಸಲಾಗಿದೆ.
4. ಮಹಿಳಾ ಸಂಘದ ಅಧ್ಯಕ್ಷರಿಗೆ, ಸದಸ್ಯೆಯರ ಮುಷ್ಟಿಯ ಬಗ್ಗೆ ಸೂಕ್ತ ಕ್ರಮಕ್ಕಾಗಿ.
5. ಮಗಳು ಯಾಂಖೊ, ಶಾಲಾ ಶಿಕ್ಷಕಿ, ಇವರಿಗೆ. ಕಾಗುಣಿತದ ತಪ್ಪುಗಳನ್ನು ತಿದ್ದಿ ಹಿಂದಿರುಗಿಸುವ ಅಗತ್ಯವಿರುವುದಿಲ್ಲ.
6. ಶ್ರೀಮತಿ ಎನೆಲೆಸಿ ಕಪಾಸುಲೆ ಅವರಿಗೆ, ಪಾಲನೆಗಾಗಿ. ಸದರಿ ಪ್ರತಿಯು ಕೆಳಕಂಡ ಷರಾದೊಂದಿಗೆ ಹಿಂದಿರುಗಿರುತ್ತದೆ:

"ಹನ್ನೊಂದನೇದು ಬಿಟ್ಟು ಉಳಿದದ್ದೆಲ್ಲ ಒಪ್ಪಿಗೆ. ಮದುವೆಯಾಗಿ ಮೂವತ್ತೊಂಬತ್ತು ವರ್ಷ ಆಯ್ತು, ನಿಮ್ಮ ಕೈಯಿಂದ ಒಂದು ತುತ್ತು ತಿಂದವಳಲ್ಲ. ಗುಳಿಗೆನಾದ್ರೂ ತಿನ್ನೋಣ ಅಂದ್ರೆ ಅದನ್ನೂ ಅಕ್ಕನಿಗೆ ಒಪ್ಪಿಸ್ತೀರಾ. ನೀವೇ ಕೊಡಿ. ಕನ್ನಡಕ ಹಾಕ್ಕೊಂಡು ಕೊಡಿ."

ಷರಾದಂತೆ ಕಂಡಿಕೆ 11ನ್ನು ಕೈಬಿಡಲಾಗಿದೆ. ಇಂದಿನ ಗುಳಿಗೆಯನ್ನು ನೀಡಲಾಗಿದೆ. ಈ ಕಡತವನ್ನು ಯಾವ ಕಾರಣಕ್ಕೂ ಮುಕ್ತಾಯಗೊಳಿಸತಕ್ಕದ್ದಲ್ಲ.