ತುರಿಕೆ, ಮೂಲವ್ಯಾಧಿ ಮತ್ತು ನನ್ನ ಹೆಂಡತಿಯ ಭಾವ

ರೋಗಗಳ ಹೆಸರು ಹೊಂದಿಸುವುದು ಏನು ಮಹಾ ಕೆಲಸ ಎಂದುಕೊಂಡಿದ್ದೆ. ಆಗ ನಾನು ಶಿಕಾರಿಪುರದ ದವಾಖಾನೆಯೊಂದರಲ್ಲಿ ಕಾಂಪೌಂಡರ್. ಬಾಟಲಿಗೆ ಮಿಕ್ಸ್‌ಚರ್ ತುಂಬಿ, ಕಾಗದದ ಗುರುತು ಅಂಟಿಸಿ, "ದಿನಕ್ಕೆ ಮೂರು ಸಲ" ಎಂದು ಹೇಳುವ ನನ್ನ ಗತ್ತಿಗೆ ಡಾಕ್ಟರೇ ಒಮ್ಮೊಮ್ಮೆ ಹೆದರುತ್ತಿದ್ದರು!

ಹೊಸ ರಾಜ್ಯ ಕೂಡಿ ಒಂದೆರಡು ವರ್ಷವಾಗಿತ್ತು. ಗುಲ್ಬರ್ಗಾ ಕಡೆಯ ಆರೋಗ್ಯಾಧಿಕಾರಿಯೊಬ್ಬರು ನಮ್ಮ ಜಿಲ್ಲೆಗೆ ಬಂದರು. ನಮ್ಮ ಜನ ಆಯುರ್ವೇದ ಪಂಡಿತರಲ್ಲಿ ಒಂದು ಹೆಸರು, ಯುನಾನಿ ಹಕೀಮರಲ್ಲಿ ಇನ್ನೊಂದು ಹೆಸರು ಕಲಿತುಬಂದು ಡಾಕ್ಟರ ಮುಂದೆ ಹೇಳುವುದು, ಡಾಕ್ಟರು ಕಕ್ಕಾಬಿಕ್ಕಿಯಾಗುವುದು ಅವರ ಕಣ್ಣಿಗೆ ಬಿತ್ತು. ಒಂದು ರೋಗಕ್ಕೆ ಡಾಕ್ಟರ ಹೆಸರು, ಪಂಡಿತರ ಹೆಸರು, ಹಕೀಮರ ಹೆಸರು ಒಂದೇ ಸಾಲಿನಲ್ಲಿ ಬರುವಂತೆ ಪಟ್ಟಿ ಮಾಡಿ ಎಂದು ಶಿಕಾರಿಪುರಕ್ಕೂ ಸೊರಬಕ್ಕೂ ಆಜ್ಞೆಯಾಯಿತು. ಎರಡರಲ್ಲಿ ಉತ್ತಮವಾದದ್ದನ್ನು ಎರಡೂ ತಾಲ್ಲೂಕಿನ ದವಾಖಾನೆಗಳಲ್ಲಿ ತೂಗುಹಾಕುವುದು. ಕೆಳಗೆ ತಯಾರಿಸಿದವನ ಹೆಸರು!

ಸೊರಬದ ಕಾಂಪೌಂಡರ್ ಯಾರು? ಶ್ರೀಕಂಠ. ನನ್ನ ಹೆಂಡತಿ ಕಮಲಳ ಸೋದರಮಾವನ ಮಗ. ಜಾತಕ ಕೂಡಿಬರಲಿಲ್ಲವೆಂಬ ಒಂದೇ ಕಾರಣಕ್ಕೆ ಆಕೆ ಅವನ ಮನೆಯ ಬದಲು ನನ್ನ ಮನೆ ತುಂಬಿದ್ದು. ಮದುವೆಯಾಗಿ ಆರು ವರ್ಷವಾದರೂ ಆ ಜಾತಕ ಬರೆದವರನ್ನು ನೆನೆದು ಆಕೆ ನಿಟ್ಟುಸಿರು ಬಿಡುತ್ತಾಳೆಂದು ನನಗೆ ಗುಮಾನಿ.

"ಶ್ರೀಕಂಠ ಭಾವ ಆಗ್ಲೇ ಪಟ್ಟಿ ಶುರು ಮಾಡಿದಾನಂತೆ ಕಣ್ರೀ. ಸೊರಬದ ಅತ್ತೆ ಕಾಗದ ಬರ್ದಿದಾರೆ. ಅವ್ನಿಗೆ ಮೊದ್ಲಿಂದ್ಲೂ ಬುದ್ಧಿ ಚುರುಕು."

"ನನ್ನದೇನು ಮೊಂಡೇ?"

"ನಾನ್ ಹಾಗಂದ್ನಾ?" ಎಂದು ಆಕೆ ಒಳಗೆ ಹೋದಳು. ಅಂದಿದ್ದರೂ ವಾಸಿಯಿತ್ತು.

ಸಂಕಟ ತಡೆಯಲಾರದೆ ಆವತ್ತೇ ಪಂಡಿತರ ಮನೆಗೆ ಹೋದೆ. ಕೆಮ್ಮಿಗೆ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ಕೇಳಿದ್ದೇ ತಪ್ಪಾಯಿತು. ಅವರು ವಾತದಿಂದ ಆರಂಭಿಸಿದರು. ಮೂರು ದಿನ ಹೋಗಿ ಕೂತರೂ ಪಿತ್ತ ದಾಟಲಿಲ್ಲ. ಹಕೀಮ ಸಾಹೇಬರು ಚಹಾ ಕೊಟ್ಟು, "ಆ ಪಂಡಿತ್ರು ಏನ್ ಹೇಳಿದ್ರು? ಮೊದ್ಲು ಅದು ಹೇಳಿ" ಎಂದರು. ಹೀಗಾದರೆ ಶ್ರೀಕಂಠನ ಹೆಸರು ಗೋಡೆಯ ಮೇಲೆ, ನನ್ನದು ಮಣ್ಣುಪಾಲು!

ಆಗ ನನ್ನ ತಲೆಯಲ್ಲಿ ಮಿಂಚಿತು. ಒಬ್ಬನೇ ರೋಗಿಯನ್ನು ಮೂವರ ಹತ್ತಿರವೂ ಕಳಿಸಿದರೆ? ದೇಹ ಒಂದೇ, ರೋಗ ಒಂದೇ. ಮೂವರು ಕೊಟ್ಟ ಹೆಸರನ್ನು ಸಾಲಾಗಿ ಬರೆದುಕೊಂಡರೆ ಮುಗಿಯಿತು! ಪಟ್ಟಿಯಲ್ಲಿ ಮೊದಲ ಕಾಲಂ ನಿಮ್ಮದೇ ಎಂದು ಪಂಡಿತರಿಗೆ ಮಾತು ಕೊಟ್ಟೆ. ಹಕೀಮರಿಗೂ ಅದೇ ಮಾತು ಕೊಟ್ಟೆ. ಉರ್ದುವನ್ನು ಬಲಗಡೆಯಿಂದ ಓದುತ್ತಾರಾದ್ದರಿಂದ ಬಲತುದಿಯ ಕಾಲಂ ಅವರಿಗೆ ಮೊದಲನೆಯದೇ! ಇಬ್ಬರೂ ಸಂತೋಷದಿಂದ ಪುಕ್ಕಟೆ ನೋಡಲು ಒಪ್ಪಿದರು.

ಎಂಟು ಜನ ರೋಗಿಗಳನ್ನು ಗೊತ್ತುಮಾಡಿ, ತಲೆಗೆ ಮೂರು ಚೀಟಿಯಂತೆ ನಂಬರು ಹಾಕಿ ಕೈಗೆ ಕೊಟ್ಟು ಕಳಿಸಿದೆ. ಸಂಜೆಯೊಳಗೆ ಚೀಟಿಗಳು ಭರ್ತಿಯಾಗಿ ಬಂದವು. ಗಾಡಿ ಹೊಡೆಯುವ ಬಸಪ್ಪನದು ಒಂದನೇ ನಂಬರು: ಡಾಕ್ಟರು ಸ್ಕೇಬೀಸ್, ಪಂಡಿತರು ಗೃಧ್ರಸಿ, ಹಕೀಮರು ಬವಾಸೀರ್. ಸ್ಕೇಬೀಸ್ ಅಂದರೆ ತುರಿಕೆಯೆಂದು ನನಗೆ ಗೊತ್ತು. ಉಳಿದೆರಡೂ ತುರಿಕೆಯೇ ಇರಬೇಕಷ್ಟೆ! ಎರಡನೇ ನಂಬರಿನ ಗಂಗಜ್ಜಿಯ ಚೀಟಿಗಳಲ್ಲಿ ಮಾತ್ರ ಡಾಕ್ಟರು ಕಣ್ಣಿನ ಪೊರೆಯೆಂದೂ ಪಂಡಿತರು ಹೊಟ್ಟೆಯ ಕ್ರಿಮಿಯೆಂದೂ ಬರೆದಿದ್ದರು. ಕ್ಷಣಕಾಲ ಅನುಮಾನ ಬಂತು. ಆದರೆ ಕಣ್ಣಿನ ರೋಗದ ಮೂಲ ಹೊಟ್ಟೆಯಲ್ಲಿರಬಹುದಲ್ಲ? ಶ್ರೀಕಂಠನ ಏಳು ತಲೆಮಾರಿಗೂ ಹೊಳೆಯದ ಗುಟ್ಟು ನನಗೆ ಸಿಕ್ಕಿತೆಂದು ಪುಳಕಗೊಂಡೆ. ಡಾಕ್ಟರಿಗೆ ತೋರಿಸಿದರೆ ಕೀರ್ತಿಯಲ್ಲಿ ಪಾಲು ಕೇಳಿಯಾರೆಂದು ಪಟ್ಟಿಯನ್ನು ಬೀರುವಿನಲ್ಲಿ ಬಚ್ಚಿಟ್ಟೆ.

ಅಧಿಕಾರಿಗಳು ಬಂದ ದಿನ ಪಂಡಿತರನ್ನೂ ಹಕೀಮರನ್ನೂ ಕರೆಸಿ ಮುಂದಿನ ಕುರ್ಚಿಗಳಲ್ಲಿ ಕೂಡಿಸಿದೆ. ನನ್ನ ವಿಜಯಕ್ಕೆ ಸಾಕ್ಷಿ ಬೇಡವೇ? ಅಧಿಕಾರಿಗಳು ಪಟ್ಟಿ ಬಿಚ್ಚಿದರು. ಮೊದಲ ಸಾಲಿಗೇ ಹುಬ್ಬು ಮೇಲೇರಿತು.

"ಏನ್ರೀ ಇದು? ಬವಾಸೀರ್ ಅಂದ್ರ ಮೂಲವ್ಯಾಧಿ. ಕೈ ತುರಿಸಿದಾಂವಗ ಮೂಲವ್ಯಾಧಿ ಔಷಧ ಕೊಡೂದೇನು?"

ಹಕೀಮರು ಧಡಕ್ಕನೆ ಎದ್ದರು. "ಅವ್ನು ಹಾಗೇ ಹೇಳಿದ್ದು ಸಾಬ್!"

ಪಂಡಿತರು ಇಣುಕಿ ನೋಡಿ ಕೆಂಡವಾದರು. "ಗೃಧ್ರಸಿ ತುರಿಕೆಯೇನಯ್ಯಾ? ಸೊಂಟದಿಂದ ಕಾಲಿಗಿಳಿಯೋ ನೋವು! ನನ್ನ ಮಾನ ಕಳೆಯೋದಕ್ಕೆ ಕರೆಸಿದ್ಯಾ? ಅಲ್ಲದೆ ಮೊದಲ ಕಾಲಂ ನಂದು ಅಂದಿದ್ದೆ, ಮಧ್ಯಕ್ಕೆ ಹಾಕಿದ್ಯಲ್ಲ!"

ಈ ಗಲಾಟೆಯ ನಡುವೆಯೇ ಅಧಿಕಾರಿಗಳು ಮುಂದಿನ ಸಾಲಿಗೆ ಹೋದರು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಸಾರ್, ಕಣ್ಣಿನ ಪೊರೆಗೆ ಮೂಲಕಾರಣ ಹೊಟ್ಟೆಹುಳು ಎಂಬುದು ನನ್ನ ಸ್ವಂತ ಸಂಶೋಧನೆ!" ಎಂದುಬಿಟ್ಟೆ. ನಮ್ಮ ಡಾಕ್ಟರು ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜ ಅಲುಗುತ್ತಿತ್ತು.

ಹೊರಗಿದ್ದ ಬಸಪ್ಪನನ್ನು ಕರೆಸಿದರು. "ನಿನಗಿರೋ ರೋಗ ಯಾವ್ದೋ?"

"ತುರಿಕೆ ರೀ ಸಾಹೇಬ್ರ."

"ಮತ್ತ ಪಂಡಿತರ ಮುಂದ?"

"ಅದು ನಮ್ಮವ್ವಂದು ರೀ, ಕಾಲು ಸೆಳೀತತಿ."

"ಹಕೀಮರ ಮುಂದ?"

"ಅದು ನಮ್ಮಪ್ಪಂದು." ಬಸಪ್ಪ ನನ್ನ ಕಡೆ ಕನಿಕರದಿಂದ ನೋಡಿದ. "ಮೂರು ಮಂದಿ ಪುಕ್ಕಟೆ ನೋಡ್ತಾರ ಅಂದ್ಮ್ಯಾಲೆ ಒಂದೇ ರೋಗ ಮೂರು ಸಲ ಯಾಕ್ ಹೇಳ್ಲಿ ರೀ? ನಾನೇನ್ ಹುಚ್ಚನಾ?"

ವಿಚಾರಿಸಿದರೆ ಎಂಟೂ ಜನ ಹಾಗೇ ಮಾಡಿದ್ದರು! ಗಂಗಜ್ಜಿ ತನ್ನ ಕಣ್ಣನ್ನು ಡಾಕ್ಟರಿಗೂ ಮೊಮ್ಮಗನ ಹೊಟ್ಟೆಯನ್ನು ಪಂಡಿತರಿಗೂ ಹೇಳಿಕೊಂಡು, ಹಕೀಮರಲ್ಲಿ ಎಮ್ಮೆಯ ವಿಷಯ ಎತ್ತಿ ಬೈಸಿಕೊಂಡಿದ್ದಳು. ಅದಕ್ಕೇ ಆ ಜಾಗ ಖಾಲಿಯಿತ್ತು. ನಾನು ಅಲ್ಲಿ "ಈ ರೋಗ ಯುನಾನಿಯಲ್ಲಿ ಇಲ್ಲ" ಎಂದು ಷರಾ ಬರೆದಿದ್ದೆ.

ಅಧಿಕಾರಿಗಳು ಚೀಲದಿಂದ ಇನ್ನೊಂದು ಪಟ್ಟಿ ತೆಗೆದರು. "ಸೊರಬದಾಂವಾ ನೋಡ್ರಿ, ಒಬ್ಬೊಬ್ಬ ರೋಗಿ ಜೋಡಿ ತಾನೇ ಹೋಗಿ ಕುಂತು ಬರಕೊಂಡಾನ. ಇಷ್ಟೇ ಕೆಲಸ." ಇಷ್ಟೇ ಕೆಲಸ! ಆ ಎರಡು ಮಾತು ನನ್ನ ಎದೆಯಲ್ಲಿ ಇವತ್ತಿಗೂ ಚುಚ್ಚುತ್ತವೆ. ಅವನ ಪಟ್ಟಿಯಲ್ಲಿ ಒಂದಾದರೂ ತಪ್ಪಿರಲಿ ದೇವರೇ ಎಂದು ಕಣ್ಣು ಕಿರಿದು ಮಾಡಿ ಹುಡುಕಿದೆ. ಒಂದು ಚುಕ್ಕೆಯೂ ಆಚೀಚೆಯಾಗಿರಲಿಲ್ಲ, ಪಾಪಿ!

ಅಧಿಕಾರಿಗಳು ಹೋದ ಮೇಲೆ ನಮ್ಮ ಡಾಕ್ಟರು ಸಮಾಧಾನದ ದನಿಯಲ್ಲಿ ಅಂದರು: "ಬೇಜಾರು ಮಾಡ್ಕೋಬೇಡಿ. ನಮ್ಮ ತಾಲ್ಲೂಕಿಗೆ ಸೊರಬದ ಪಟ್ಟಿ ಆರು ಪ್ರತಿ ಬೇಕಂತೆ. ಅಕ್ಷರ ಚೆನ್ನಾಗಿರೋರು ಇಲ್ಲಿ ನೀವೊಬ್ರೇ."

ಮನೆಯ ಜಗಲಿಯಲ್ಲಿ ಕಾಗದ ಹರಡಿಕೊಂಡು ನಾಲ್ಕು ದಿನ ನಕಲು ಮಾಡಿದೆ. ಕೊನೆಯ ಪ್ರತಿಯ ಕೆಳಗೆ, "ತಯಾರಿಸಿದವರು: ಶ್ರೀಕಂಠಯ್ಯ, ಸೊರಬ" ಎಂದು ಆರನೆಯ ಸಲ ಬರೆದೆ. ಬೇಕೆಂದೇ ಇರುವೆಗಾತ್ರದಲ್ಲಿ ಬರೆದೆ. ಕಮಲ ಕಾಫಿ ತಂದು ಪಕ್ಕದಲ್ಲಿಟ್ಟು ಬಗ್ಗಿ ನೋಡಿದಳು.

"ಭಾಳ ಚೆನ್ನಾಗಿ ಬಂದಿದೆ ಕಣ್ರೀ," ಎಂದಳು. ಆರು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ! ನಾನು ಹಿಗ್ಗಿ ತಲೆಯೆತ್ತುವಷ್ಟರಲ್ಲಿ ಆಕೆ ಹೆಸರಿನ ಮೇಲೆ ಬೆರಳಿಟ್ಟಳು.

"ಇದೊಂದನ್ನ ಸ್ವಲ್ಪ ದಪ್ಪಕ್ಕೆ ತಿದ್ದಿಬಿಡಿ. ದೂರಕ್ಕೂ ಕಾಣ್ಲಿ."

ಆರೂ ಪ್ರತಿಗಳನ್ನು ತಿದ್ದಿದೆ.