ಪೆನ್ನು ಎತ್ತಿ ಒಂದು ಕಣ್ಣು ಮುಚ್ಚಿದಾಗ

ಜನರನ್ನು ಅಲುಗಾಡದೆ ನಿಲ್ಲಿಸಿಯೇ ನಾನು ಸಂಬಳ ತಿಂದವನು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಯಾವನಾದರೂ ಮೂಗು ತುರಿಸಿಕೊಂಡರೂ ಸೀಟಿ ಊದಿಬಿಡುತ್ತಿದ್ದೆ. ಅಂಥವನಿಗೆ ನಿವೃತ್ತಿಯಾದ ಮೇಲೆ, ಓಡಾಡುವ ಜನರನ್ನೇ ಹುಡುಕಿಕೊಂಡು ಹೋಗಿ ಚಿತ್ರ ಬರೆಯುವ ಹುಚ್ಚು ಹಿಡಿದಿದೆ. ಹುಚ್ಚಾದರೇನು, ಅದಕ್ಕೂ ಒಂದು ಶಿಸ್ತು ಬೇಡವೇ? ಬೆಳಗ್ಗೆ ಸ್ನಾನ, ಪೂಜೆ, ರಾಗಿ ಗಂಜಿ. ಆಮೇಲೆ ಇಸ್ತ್ರಿ ಮಾಡಿದ ಪ್ಯಾಂಟು, ಒಳಕ್ಕೆ ಸೇರಿಸಿದ ಬಿಳಿ ಅಂಗಿ, ತಲೆಗೆ ಟೋಪಿ, ಕಾಲಿಗೆ ಕ್ಯಾನ್ವಾಸ್ ಶೂ. ಮಡಿಸುವ ಸ್ಟೂಲು, ಇಂಕಿನ ಪೆನ್ನು, ಬಣ್ಣದ ಡಬ್ಬಿ, ನೀರಿನ ಸೀಸೆ ಇವಿಷ್ಟನ್ನು ಹೊತ್ತು ದೇವನಹಳ್ಳಿಯ ಬಸ್ ನಿಲ್ದಾಣದ ಎದುರಿನ ಮರದ ಕೆಳಗೆ ಹೋಗಿ ಕೂರುತ್ತೇನೆ.

ನನ್ನ ಗುರು ಮೊಬೈಲಿನೊಳಗಿದ್ದಾನೆ. ಮೊದಲು ಇಂಕಿನಲ್ಲಿ ಸರಸರ ಗೀಚಬೇಕು, ಆಮೇಲೆ ನೀರುಬಣ್ಣ ಹರಿಯಬಿಡಬೇಕು, ನಡೆಯುವವನ ಕಾಲು ಮುಖ್ಯ, ಮುಖವಲ್ಲ ಎನ್ನುತ್ತಾನೆ. ಅವನು ಗೀಚಿದರೆ ಒಬ್ಬ ಮನುಷ್ಯ ಬಸ್ಸಿಗೆ ಓಡುತ್ತಾನೆ. ನಾನು ಗೀಚಿದರೆ ಅದೇ ಮನುಷ್ಯ ಎರಡು ಕಾಲು ಜೋಡಿಸಿ, ಕೈ ತೊಡೆಗಂಟಿಸಿ, ಎದೆಯುಬ್ಬಿಸಿ ನಿಲ್ಲುತ್ತಾನೆ. ಕೈಗೆ ಅಂಟಿದ ಅಭ್ಯಾಸ, ಏನು ಮಾಡಲಿ? ಸಂತೆ ದಿನದ ನೂಕುನುಗ್ಗಲನ್ನು ಬರೆದು ಹೆಂಡತಿಗೆ ತೋರಿಸಿದೆ. ಜಯಾ ಕನ್ನಡಕ ಏರಿಸಿ ನೋಡಿ, "ಏನ್ರೀ ಇದು, ಸಂತೇಲಿ ಯಾರಾದ್ರೂ ತೀರ್ಕೊಂಡ್ರಾ? ಎಲ್ಲಾ ಮೌನ ಆಚರಿಸ್ತಾವ್ರೆ?" ಎಂದಳು.

ಅವಳ ಮಾತಿನ ಉರಿಗೇ ನಾನು ರತ್ನಮ್ಮನನ್ನು ಹಿಡಿದುಕೊಂಡದ್ದು. ರತ್ನಮ್ಮ ನಿಲ್ದಾಣದ ಮೂಲೆಯಲ್ಲಿ ತಳ್ಳುಗಾಡಿಯಿಟ್ಟು ತಟ್ಟೆ ಇಡ್ಲಿ ಮಾರುವ ಹೆಂಗಸು. ಒಂದು ಕೈ ಇಡ್ಲಿ ಕೀಳುತ್ತಿರುವಾಗಲೇ ಇನ್ನೊಂದು ಚಟ್ನಿ ಸುರಿಯುತ್ತದೆ, ಬಾಯಿ ಮೂರನೆಯವನನ್ನು ಬೈಯುತ್ತದೆ. ಇವಳನ್ನು ಹಿಡಿದರೆ ಚಲನೆಯನ್ನೇ ಹಿಡಿದಂತೆ ಎಂದುಕೊಂಡೆ. ಗುರು ಹೇಳಿಕೊಟ್ಟಿದ್ದಂತೆ ಕೈ ನೀಟಾಗಿ ಚಾಚಿ, ಪೆನ್ನು ನೆಟ್ಟಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಗಾಡಿಯ ಎತ್ತರಕ್ಕೂ ಅವಳ ಎತ್ತರಕ್ಕೂ ಲೆಕ್ಕ ಹಾಕಿದೆ. ಅಗಲವನ್ನೂ ಬಿಡಲಿಲ್ಲ. ಕೆಲವು ದಿನ ಇದು ಶಿಸ್ತಾಗಿ ನಡೆಯಿತು. ಒಂದು ಬೆಳಗ್ಗೆ ನೋಡಿದರೆ ಮೂಲೆ ಖಾಲಿ.

"ಇಡ್ಲಿ ಅಮ್ಮ ಎಲ್ಲಪ್ಪಾ?" ಎಂದು ಆಟೊ ಮುನಿರಾಜುವನ್ನು ಕೇಳಿದೆ. ಅವನ ಬೆಳಗಿನ ತಿಂಡಿ ದಿನವೂ ಆ ಗಾಡಿಯಲ್ಲೇ. ಅವನು ನನ್ನನ್ನು ಶೂನಿಂದ ಟೋಪಿಯವರೆಗೂ ನೋಡಿದ.

"ನೀವೇ ಓಡಿಸ್ಬುಟ್ಟು ನಮ್ಮನ್ನ ಕೇಳ್ತೀರಾ ಸಾರ್? ರಸ್ತೆ ಅಗಲ ಮಾಡಾಕೆ ಬಂದಿರೋ ಆಫೀಸರ್ ಅಲ್ವಾ ನೀವು? ಕಣ್ಮುಚ್ಕೊಂಡು ಗಾಡಿ ಅಳೀತಿದ್ದಿದ್ದು ನಾವು ನೋಡಿಲ್ವಾ?"

ತಪ್ಪು ಅವನದಲ್ಲ. ವಿಮಾನ ನಿಲ್ದಾಣ ಬಂದು ಇಳಿದ ಮೇಲೆ ನಮ್ಮೂರಿನಲ್ಲಿ ಒಂದು ಜಾಗವನ್ನು ದಿಟ್ಟಿಸಿ ನೋಡುವವರು ಮೂರೇ ಬಗೆ: ಕೊಳ್ಳುವವರು, ಮಾರಿಸುವವರು, ಒಡೆಯುವವರು. ಸುಮ್ಮನೆ ಚೆಂದ ಎಂದು ನೋಡುವ ನಾಲ್ಕನೆಯವನನ್ನು ಯಾರೂ ಕಂಡಿಲ್ಲ. ಅದರಲ್ಲೂ ಇಸ್ತ್ರಿ ಪ್ಯಾಂಟು ಹಾಕಿಕೊಂಡು ಹೊತ್ತಿಗೆ ಸರಿಯಾಗಿ ಬರುವವನನ್ನು ಕಲಾವಿದ ಎಂದು ಯಾರು ತಾನೇ ನಂಬುತ್ತಾರೆ?

ಮುನಿರಾಜುವನ್ನು ಕರೆದುಕೊಂಡು ಹುಡುಕಿದರೆ, ರತ್ನಮ್ಮ ಹಿಂದಿನ ಗಲ್ಲಿಯೊಂದರಲ್ಲಿ ಗಾಡಿಯಿಟ್ಟುಕೊಂಡು ನಿಂತಿದ್ದಳು. ಗಿರಾಕಿಯೇ ಇಲ್ಲ. ತಟ್ಟೆಗಳಲ್ಲಿ ಇಡ್ಲಿ ತಣ್ಣಗಾಗುತ್ತಿತ್ತು. ಬಸ್ಸಿಗೆ ಹೊರಟವರು ಇಡ್ಲಿ ಹುಡುಕಿಕೊಂಡು ಗಲ್ಲಿಗೆ ಬರುತ್ತಾರೆಯೇ? ನನ್ನನ್ನು ಕಂಡವಳೇ, "ಇಲ್ಗೂ ಬಂದ್ರಾ ಸ್ವಾಮಿ? ಇನ್ನೆಲ್ಗೆ ಹೋಗ್ಲಿ, ನಿಮ್ ತಲೆ ಮೇಲೆ ಗಾಡಿ ಇಟ್ಕೊಳ್ಲಾ?" ಎಂದಳು. ಗಲಾಟೆಯ ದನಿಯೇ, ಆದರೆ ಕಣ್ಣು ತುಂಬಿತ್ತು.

"ನಾನು ಆಫೀಸರ್ ಅಲ್ಲಮ್ಮ, ಡ್ರಿಲ್ ಮೇಷ್ಟ್ರು. ಚಿತ್ರ ಬರೀತಿದ್ದೆ, ನೋಡು" ಎಂದು ಪುಸ್ತಕ ಬಿಡಿಸಿ ಮುಂದೆ ಹಿಡಿದೆ. ಅವಳು ಬಗ್ಗಿ ನೋಡಿದಳು. ಮುಖ ಇನ್ನಷ್ಟು ಕಪ್ಪಿಟ್ಟಿತು.

"ರಸ್ತೆ ಕಲ್ಲು ನೆಡೋ ಜಾಗಾನೂ ಗುರ್ತು ಮಾಡ್ಕೊಂಡವ್ರಲ್ಲೋ ಮುನಿರಾಜು!"

"ಅದು ಕಲ್ಲಲ್ಲಮ್ಮ, ನೀನು!"

"ನಾನಾ?" ಎಂದಳು. ಮುನಿರಾಜು ನನ್ನ ಹಿಂದಿನಿಂದ ಇಣುಕಿ, "ಅಕ್ಕಾ, ಇದು ನೀನಾದ್ರೆ ನಾನು ವಿದ್ಯುತ್ ಕಂಬ" ಎಂದ.

ನಾನು ನಿರಪರಾಧಿ ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ನನ್ನ ಕಲೆ. ಅದೇ ನನಗೆ ಕೈಕೊಟ್ಟಿತ್ತು. ಈಗ ಅವಳನ್ನು ಅವಳಂತೆಯೇ ಬರೆದು ತೋರಿಸದೆ ಬೇರೆ ದಾರಿಯಿರಲಿಲ್ಲ. "ನಿನ್ನ ಪಾಡಿಗೆ ಕೆಲಸ ಮಾಡಮ್ಮ" ಎಂದು ಸ್ಟೂಲು ಹಾಕಿದೆ. ಪೆನ್ನು ಎತ್ತಿ ಕಣ್ಣು ಮುಚ್ಚುವ ಧೈರ್ಯ ಬರಲಿಲ್ಲ. ಎತ್ತಿದ್ದರೆ ಅವಳು ಗಾಡಿ ಸಮೇತ ಆಚೆಯ ಬೂದಿಗೆರೆ ಊರನ್ನೇ ತಲುಪುತ್ತಿದ್ದಳು. ಹಾಗಾಗಿ ಪೆನ್ನು ಹಾಳೆಯ ಮೇಲೆ, ಕಣ್ಣು ಅವಳ ಮೇಲೆ. ಅವಳು ಮುನಿರಾಜುವಿಗೆ ಇಡ್ಲಿ ಹಾಕುತ್ತಾ ನನ್ನನ್ನು ಬೈಯತೊಡಗಿದಳು. ಅಷ್ಟರಲ್ಲಿ ಸ್ಕೂಟರೊಂದು ಆ ಇಕ್ಕಟ್ಟಿನಲ್ಲೇ ನುಗ್ಗಿ ನನ್ನ ಮೊಣಕೈಗೆ ತಾಗಿತು. ಗೆರೆ ಎತ್ತಲೋ ಹಾರಿತು. ಗಾಬರಿಯಲ್ಲಿ ಒದ್ದೆ ಕುಂಚ ಇಟ್ಟೆ. ಆರದ ಇಂಕು ಕದಡಿ ಹಾಳೆಯ ತುಂಬ ಬೂದುಬಣ್ಣ ಹರಡಿತು. ಕೆಟ್ಟೆ ಎಂದುಕೊಂಡು ಪುಸ್ತಕ ಮುಚ್ಚುವುದರೊಳಗೆ ರತ್ನಮ್ಮ ಕಿತ್ತುಕೊಂಡಳು.

"ಅಯ್ಯೋ, ಸೆರಗು ನೋಡೋ! ಹಬೆ ನೋಡೋ! ಇದು ನಾನೇ ಕಣೋ!"

"ನೀನೇ ಅಕ್ಕ. ಬಾಯೊಂದು ಚಿಕ್ಕದಾಯ್ತು" ಎಂದ ಮುನಿರಾಜು.

ಹಾರಿದ ಗೆರೆ ಸೆರಗಾಗಿತ್ತು, ಕದಡಿದ ಇಂಕು ಹಬೆಯಾಗಿತ್ತು. ಸ್ಕೂಟರಿನವನ ಪಾಲನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಮೂವರೂ ಸೇರಿ ಗಾಡಿಯನ್ನು ಹಳೆಯ ಮೂಲೆಗೆ ತಳ್ಳಿದೆವು. ದುಡ್ಡು ಬೇಡವೆಂದು ಅವಳು ಕೊಟ್ಟ ತಣ್ಣನೆಯ ಇಡ್ಲಿಯನ್ನು, ವೇಳಾಪಟ್ಟಿಯಲ್ಲಿ ಇಲ್ಲದಿದ್ದರೂ, ತಿಂದೆ.

ಮರುದಿನ ಉತ್ಸಾಹದಿಂದ ಹೋದೆ. ರತ್ನಮ್ಮ ರೇಷ್ಮೆ ಸೀರೆಯುಟ್ಟು, ತಲೆತುಂಬ ಹೂ ಮುಡಿದು, ಸೌಟು ಎತ್ತಿ ಹಿಡಿದು ಕಲ್ಲಾಗಿ ನಿಂತಿದ್ದಳು. ಪಕ್ಕದಲ್ಲಿ ಮುನಿರಾಜು ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ. ಹಿಂದೆ ಗಿರಾಕಿಗಳು, ಗಿಡ್ಡನೆಯವರು ಮುಂದೆ, ಎತ್ತರದವರು ಹಿಂದೆ, ತಟ್ಟೆ ಎದೆಯ ಮಟ್ಟಕ್ಕೆ. ಒಬ್ಬನ ಮೂಗಿನ ಮೇಲೆ ನೊಣ ಕೂತಿತ್ತು, ಅವನು ಓಡಿಸಲಿಲ್ಲ.

"ಬರೀರಿ ಮೇಷ್ಟ್ರೇ," ಎಂದಳು ರತ್ನಮ್ಮ ತುಟಿ ಅಲ್ಲಾಡಿಸದೆ, "ನೀವು ಮುಗ್ಸೋಗಂಟ ಒಬ್ರೂ ಮಿಸುಕಲ್ಲ."

"ವಿಶ್ರಾಮ್!" ಎಂದು ಕೂಗಿದೆ. ಯಾರೂ ಕದಲಲಿಲ್ಲ. ಸರ್ವಿಸ್ ಪೂರ್ತಿ ಗಂಟಲು ಹರಿದುಕೊಂಡರೂ ನನಗೆ ಒಂದು ದಿನವೂ ಸಿಗದಿದ್ದ ಸಾಲು ಅದು. ಸ್ಟೂಲು ಹಾಕಿ ಕೂತೆ. ಉಕ್ಕಿ ಬಂದ ನಗುವಿಗೆ ನನ್ನ ಹೊಟ್ಟೆ ಕುಲುಕಿತು, ಭುಜ ಕುಣಿಯಿತು, ಪೆನ್ನು ಹಿಡಿದ ಕೈ ನಡುಗಿತು. ಆ ಬೆಳಗ್ಗೆ ಅಲ್ಲಿ ಅಲುಗಾಡಿದವನು ನಾನೊಬ್ಬನೇ.