ಮುಕೀಬಿಯ ಚಪಾತಿ ಮೇಲ್ಮನವಿ

ಮುಕೀಬಿಯ ವೀಸಾಕ್ಕೆ ಅಡ್ಡ ಬಂದದ್ದು ಚಪಾತಿ. ಬೋಟ್ಸ್ವಾನಾದ ಹೋಟೆಲ್ ಮಾಲೀಕರೊಬ್ಬರು ಕಂಪಾಲಾಕ್ಕೆ ಬಂದಾಗ ಅವನ ಗಾಡಿಯಲ್ಲಿ ಮೊಟ್ಟೆ ಸುತ್ತಿದ ಚಪಾತಿ ತಿಂದು, "ನಮ್ಮಲ್ಲಿಗೇ ಬಂದ್ಬಿಡಪ್ಪ" ಎಂದು ಕೆಲಸ ಕೊಟ್ಟು, ವೀಸಾಕ್ಕೂ ತಾವೇ ಬರೆದಿದ್ದರು. ಆ ದೇಶದ ವೀಸಾ ಕಚೇರಿ ಮಾತ್ರ, ಚಪಾತಿ ಲಟ್ಟಿಸುವುದೇನು ಮಹಾ ವಿದ್ಯೆ, ನಮ್ಮ ದೇಶದವರೇ ಮಾಡಬಲ್ಲರು ಎಂದು ತಳ್ಳಿಹಾಕಿತು. ಮುಕೀಬಿ ಮೇಲ್ಮನವಿ ಹಾಕಿದ. ಸಾಮಾನು ತಂದು ಮಾಡಿ ತೋರಿಸು ಎಂದು ಕರೆ ಬಂತು.

ಅವನಿಗೆ ಇದು ಬರೀ ಕೆಲಸದ ಮಾತಾಗಿರಲಿಲ್ಲ. ಪಕ್ಕದಲ್ಲಿ ಟೊಮೆಟೊ ಮಾರುವ, ಅವಳಿ ಹೆತ್ತವಳೆಂದು ಬೀದಿಯೆಲ್ಲ ನಲೋಂಗೊ ಎಂದು ಕರೆಯುವ ಹೆಂಗಸು, ವೀಸಾ ಬಂದರೆ ಮಾತ್ರ ಮಗಳು ಬಬಿರ್ಯೆಯನ್ನು ಕೊಡುತ್ತೇನೆ ಎಂದಿದ್ದಳು. ಬಬಿರ್ಯೆ ದಿನಾ ಸಂಜೆ ಅವನ ಗಾಡಿಯಲ್ಲೇ ಚಪಾತಿ ಮಗುಚುತ್ತ ನಿಲ್ಲುತ್ತಿದ್ದಳು. ಕಲಿಸಿದವನು ಅವನೇ. ಯಾರಾದರೂ ತಪ್ಪಾಗಿ ಲಟ್ಟಿಸುವುದನ್ನು ನೋಡಿಕೊಂಡು ಸುಮ್ಮನಿರುವುದು ಅವನ ಜಾಯಮಾನವಲ್ಲ.

"ನೋಡು, ಸಲೀಸಾಗಿ ಮಾಡಿಬಿಟ್ಟೀಯ ಮತ್ತೆ! ನರಳು, ಬೆವರು ಸುರಿಸು. ಮಹಾ ಕಷ್ಟದ ಕೆಲಸ ಅನ್ನಿಸ್ಬೇಕು," ಎಂದಳು ನಲೋಂಗೊ.

"ನಡುನಡುವೆ ಸೊಂಟ ಹಿಡ್ಕೋ," ಎಂದ ಬಾಡಿಗೆ ಬೈಕಿನ ಲುಬೇಗ.

ಕಚೇರಿಗೆ ಹೋಗುವ ದಾರಿಯಲ್ಲಿ ಲುಬೇಗನ ಬೈಕು ಗುಂಡಿಗೆ ಹಾರಿದ ರಭಸಕ್ಕೆ ಹಿಟ್ಟಿನ ಚೀಲ ಒಡೆದು ಮುಕೀಬಿಯ ಮೈಯೆಲ್ಲ ಬೆಳ್ಳಗಾಯಿತು. ಕಚೇರಿಯ ಕಾವಲುಗಾರ, "ಸುಣ್ಣ ಹೊಡೆಯೋರಿಗೆ ಹಿಂದಿನ ಬಾಗಿಲು," ಎಂದು ಓಡಿಸಿದ. ಹೇಗೋ ಒಳಗೆ ಸೇರಿ, ಉಳಿದ ಹಿಟ್ಟು ನಾದಿ, ಹೇಳಿಕೊಟ್ಟಂತೆ ನರಳಿದ.

"ಹೊಟ್ಟೆನೋವೇನ್ರೀ?" ಎಂದರು ಅಧಿಕಾರಿ ಸೆಬೋನಿ ಮೇಡಂ. ಅವನು ನಾಚಿಕೊಂಡು ತನ್ನ ಎಂದಿನ ಕೈಯಲ್ಲೇ ದುಂಡನೆಯ ಚಪಾತಿ ಮಾಡಿಟ್ಟ.

"ಇದರಲ್ಲೇನಿದೆ? ಕೊಡಿ ಇಲ್ಲಿ," ಎಂದು ಮೇಡಂ ಲಟ್ಟಣಿಗೆ ಕಿತ್ತುಕೊಂಡರು. ಅವರ ಚಪಾತಿ ಹರಿದ ಕಾಲುಚೀಲದಂತೆ ಬಂತು. ಕಚೇರಿಯವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಲ್ಲಿಗೇ ತೆಪ್ಪಗಿದ್ದಿದ್ದರೆ ಮುಕೀಬಿ ಗೆದ್ದಿದ್ದ.

"ಅಯ್ಯೋ, ಹಾಗೆ ಒತ್ತಬೇಡಿ ಮೇಡಂ! ಕೈ ಹಗುರ ಬಿಡಿ. ಚಪಾತಿ ತಾನೇ ತಿರುಗ್ಬೇಕು. ಹಾಂ, ಹಾಗೇ!"

ಮಧ್ಯಾಹ್ನದ ಹೊತ್ತಿಗೆ ಮೇಡಂ ಕೈಯಲ್ಲೂ ದುಂಡನೆಯ ಚಪಾತಿ ಉಬ್ಬಿತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಎಷ್ಟು ಚೆನ್ನಾಗಿ ಕಲಿಸ್ತೀರಪ್ಪ!" ಎಂದು ಅವರು ಕೈಕುಲುಕಿದಾಗ, ಮುಕೀಬಿಗೆ ಮದುವೆಯ ಡೋಲು ಕೇಳಿಸಿತು.

ಸಂಜೆ ಫೋನು ಬಂತು. ಬೀದಿಯವರೆಲ್ಲ ಸುತ್ತುಗಟ್ಟಿದರು.

"ನಿಮ್ಮ ಕೈಚಳಕದ ಬಗ್ಗೆ ನಮಗೀಗ ಅನುಮಾನವೇ ಇಲ್ಲ," ಎಂದರು ಸೆಬೋನಿ ಮೇಡಂ. "ಆದರೆ ಬೋಟ್ಸ್ವಾನಾದವಳಾದ ನಾನೇ ಒಂದೇ ಬೆಳಗ್ಗೆಯಲ್ಲಿ ಕಲಿತುಬಿಟ್ಟೆನಲ್ಲ! ಇನ್ನು ಹೊರಗಿನವರು ಯಾಕೆ ಅಂತ ನಾನೇ ಬರೀಬೇಕಾಯ್ತು. ಬೇಜಾರು ಮಾಡ್ಕೋಬೇಡಿ."

ಮುಕೀಬಿ ಗಾಡಿಗೆ ಒರಗಿ ಕುಸಿದ. ಪಾಪ, ಅವನ ಮುಖ ನೋಡಲಾಗುತ್ತಿರಲಿಲ್ಲ. ನಲೋಂಗೊ ಅವನನ್ನು ನೋಡಿದಳು, ಆಮೇಲೆ ಕಾವಲಿಯ ಮುಂದೆ ನಿಂತಿದ್ದ ಮಗಳನ್ನು ನೋಡಿದಳು.

"ಬಬಿರ್ಯೆಗೂ ಪೂರ್ತಿ ಕಲಿಸಿದೀಯೇನೋ?"

"ಪೂರ್ತಿ ಅಮ್ಮಾ," ಎಂದ ಮುಕೀಬಿ, ಆ ದುಃಖದಲ್ಲೂ ಹೆಮ್ಮೆಯಿಂದ. "ನನಗಿಂತ ಚೆನ್ನಾಗಿ ಮಾಡ್ತಾಳೆ."

"ಹಾಗಾದ್ರೆ ನಮಗೂ ಹೊರಗಿನವರು ಯಾಕೆ?" ಎಂದಳು ನಲೋಂಗೊ. ಮರುದಿನವೇ ಟೊಮೆಟೊ ರಾಶಿಯ ಪಕ್ಕದಲ್ಲಿ ತನ್ನದೇ ಒಂದು ಕಾವಲಿ ಇಟ್ಟಳು.